ಈ ವಯಸ್ಸಿಗೆ ಗಣಿತದ ಪರೀಕ್ಷೆ

ಇಂದು ಬೆಳಗಿನ ಜಾವ ನಾಲ್ಕೂವರೆಗೆ ನಾನು ಮತ್ತೊಮ್ಮೆ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಗೆ ತಡವಾಗಿ ಹೋದೆ. ನನಗೀಗ 52 ವರ್ಷ. ಆ ಪರೀಕ್ಷೆಯಲ್ಲಿ ನೂರಕ್ಕೆ 68 ಅಂಕ ಪಡೆದು ತೇರ್ಗಡೆಯಾದದ್ದಕ್ಕೆ ಸಾಕ್ಷಿಯಾಗಿ ಅಂಕಪಟ್ಟಿ ಲ್ಯಾಮಿನೇಟ್ ಆಗಿ ಬೀರುವಿನಲ್ಲಿದೆ. ಆದರೂ ತಿಂಗಳಿಗೆರಡು ಸಲವಾದರೂ ನನ್ನನ್ನು ಹಾಲ್ ಟಿಕೆಟ್ ಇಲ್ಲದೆ ಆ ಕೊಠಡಿಗೆ ಎಳೆದೊಯ್ಯಲಾಗುತ್ತದೆ.

ಈ ಸಲದ ಅವಮಾನ ಸ್ವಲ್ಪ ಹೆಚ್ಚಾಗಿತ್ತು. ಮೇಲೆ ಕಚೇರಿಗೆ ಹಾಕುವ ಇಸ್ತ್ರಿ ಶರ್ಟು, ಕೊರಳಲ್ಲಿ ಗುರುತಿನ ಚೀಟಿ, ಕೆಳಗೆ ಶಾಲೆಯ ಖಾಕಿ ಚಡ್ಡಿ. ನನ್ನ ಬೋಳುತಲೆಯನ್ನು ಕಂಡು ಮೇಲ್ವಿಚಾರಕರೆಂದು ಭಾವಿಸಿದ ಮಕ್ಕಳೆಲ್ಲ ಎದ್ದು ನಿಂತು ‘ನಮಸ್ತೇ ಸಾರ್’ ಎಂದರು. ನಾನು ಅವರಿಗೆ ಕೈ ಮುಗಿಯುತ್ತಲೇ ಡೆಸ್ಕುಗಳ ಮೇಲೆ ನನ್ನ ನಂಬರು ಹುಡುಕಿದೆ. ಒಂದು ಸಾಲೂ ಬರೆಯದೆ ಹೆಚ್ಚುವರಿ ಹಾಳೆಗಳನ್ನು ಕೇಳಿ ಪಡೆದು, ಅವನ್ನು ದಾರದಿಂದ ಕಟ್ಟುವುದರಲ್ಲೇ ಮೂರು ಗಂಟೆ ಕಳೆದೆ. ಎಚ್ಚರವಾದಾಗ ಮುಷ್ಟಿಯಲ್ಲಿ ಸೊಳ್ಳೆಪರದೆಯ ದಾರವಿತ್ತು.

ಇಷ್ಟನ್ನು ಕಾಫಿಯ ಹೊತ್ತಿನಲ್ಲಿ ಬಾಯಿಬಿಟ್ಟದ್ದು ನನ್ನ ತಪ್ಪು. ನಮ್ಮ ಮನೆಯಲ್ಲಿರುವ ಸೋದರತ್ತೆ ಸ್ವಪ್ನಫಲ ಹೇಳುವುದರಲ್ಲಿ ಎತ್ತಿದ ಕೈ, ಮತ್ತು ಆಕೆಯ ವಿಚಾರಣೆಯು ಪರೀಕ್ಷೆಗಿಂತ ಕಠಿಣವಾದದ್ದು. ಯಾವ ಜಾವ? ಎಡಮಗ್ಗುಲೋ, ಬಲಮಗ್ಗುಲೋ? ಕನಸಿನಲ್ಲಿ ಏನಾದರೂ ತಿಂದೆಯಾ? ಎದ್ದ ಮೇಲೆ ಪುನಃ ಮಲಗಿದೆಯಾ? ಹಲ್ಲು ಉದುರಿದರೆ ಬಂಧುಗಳಿಗೆ ಕೇಡು, ಸತ್ತಂತೆ ಕಂಡರೆ ಆಯುಷ್ಯ ವೃದ್ಧಿ, ಹಾವು ಕಂಡರೆ ಸುಬ್ರಹ್ಮಣ್ಯನ ಹರಕೆ ಬಾಕಿ ಎಂಬ ತೀರ್ಪುಗಳು ಆಕೆಯ ನಾಲಗೆಯ ತುದಿಯಲ್ಲಿವೆ. ಗಣಿತ ಪರೀಕ್ಷೆಗೆ ಹಳಬರು ಫಲ ಬರೆದಿಟ್ಟಿಲ್ಲವಾದ್ದರಿಂದ ಆಕೆ ಸ್ವಂತ ಬುದ್ಧಿಯನ್ನು ಖರ್ಚು ಮಾಡಬೇಕಾಯಿತು.

“ಮೈಮೇಲೆ ಬಟ್ಟೆ ಕಡಿಮೆ ಇದ್ದರೆ ಮಾನಕ್ಕೆ ಕುಂದು ಕಣೋ. ಆದರೆ ನಿನಗೆ ಚಡ್ಡಿಯಾದರೂ ಇತ್ತಲ್ಲ, ಪೂರ್ತಿ ಹೋಗೋದಿಲ್ಲ. ಬೆಳಗಿನ ಜಾವದ್ದು ಬೇರೆ, ಬೇಗ ಫಲ ಕೊಡುತ್ತೆ.”

ನನಗೆ ರೇಗಿತು. ಕನಸುಗಳು ಹೆಚ್ಚಾಗಿ ಬೀಳುವ, ಕಣ್ಣುಗುಡ್ಡೆಗಳು ಚಲಿಸುತ್ತಿರುವ ನಿದ್ರೆಯೊಂದಿದೆಯೆಂದೂ, ಅದನ್ನು 1953ರಲ್ಲಿ ಷಿಕಾಗೋದ ವಿಜ್ಞಾನಿಗಳು ವರದಿ ಮಾಡಿದರೆಂದೂ, ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಬರುವ ಅದು ಬೆಳಗಾಗುತ್ತಾ ದೀರ್ಘವಾಗುವುದರಿಂದಲೇ ಆ ಹೊತ್ತಿನ ಕನಸು ಎದ್ದಾಗ ನೆನಪಿರುತ್ತದೆಂದೂ ವಿವರಿಸಿದೆ. “ಅಂದರೆ ಬೆಳಗಿನ ಜಾವದ್ದೇ ಗಟ್ಟಿ ಅಂತ ಅವರೂ ಒಪ್ಪಿದರು,” ಎಂದು ಅತ್ತೆ ಲೋಟ ಕೆಳಗಿಟ್ಟರು.

ಕೊನೆಯ ಅಸ್ತ್ರವಾಗಿ, ಕನಸುಗಳ ಅರ್ಥ ಕುರಿತು ಪುಸ್ತಕವನ್ನೇ ಬರೆದ ಮನೋವಿಶ್ಲೇಷಕ ಫ್ರಾಯ್ಡ್‌ನನ್ನು ಕರೆತಂದೆ. ತೇರ್ಗಡೆಯಾದ ಪರೀಕ್ಷೆಯೇ ಕನಸಿನಲ್ಲಿ ಬರುತ್ತದೆ, ಫೇಲಾದದ್ದು ಬರುವುದಿಲ್ಲ ಎಂದು ಆತ ಬರೆದಿದ್ದಾನೆ; ನ್ಯಾಯವೈದ್ಯಶಾಸ್ತ್ರದಲ್ಲಿ ಸ್ವತಃ ಫೇಲಾಗಿದ್ದ ಆತನಿಗೆ ಆ ವಿಷಯ ಒಮ್ಮೆಯೂ ಕನಸಿಗೆ ಬರಲಿಲ್ಲವಂತೆ, ಬರುತ್ತಿದ್ದದ್ದು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಮತ್ತು ರಸಾಯನಶಾಸ್ತ್ರ. ನಾಳೆಯ ಭಯಕ್ಕೆ ‘ಅಂದೂ ಹೀಗೇ ಹೆದರಿದ್ದೆ, ಪಾಸಾಗಲಿಲ್ಲವೇ’ ಎಂಬ ಸಮಾಧಾನವಂತೆ ಅದು. ಈ ಶುಕ್ರವಾರ ಕಚೇರಿಯಲ್ಲಿ ನನಗಿಂತ ಹದಿನೆಂಟು ವರ್ಷ ಚಿಕ್ಕವನಾದ ಅಧಿಕಾರಿ ನನ್ನ ವರ್ಷದ ಕೆಲಸವನ್ನು ತೂಗಲಿದ್ದಾನೆ; ಅದಕ್ಕಾಗಿ ನನಗೆ ನಾನೇ ಐದಕ್ಕೆ ಎಷ್ಟು ಅಂಕ ಕೊಟ್ಟುಕೊಳ್ಳುತ್ತೇನೆಂದು ನಮೂನೆಯೊಂದರಲ್ಲಿ ತುಂಬಬೇಕು. ನಾಲ್ಕು ಬರೆದು, ಅಳಿಸಿ, ಮೂರು ಬರೆದು, ಅದನ್ನೂ ಅಳಿಸಿದ್ದೇನೆ. ಚಡ್ಡಿ ಎಲ್ಲಿಂದ ಬಂತೆಂದು ಹೇಳಲು ಫ್ರಾಯ್ಡ್ ಬೇಕಾಗಿಲ್ಲ.

ಅತ್ತೆ ಮಾತ್ರ ಬೇರೆಲ್ಲೋ ಇದ್ದರು. “ಪಾಸಾದವರಿಗೆ ಮಾತ್ರ ಬೀಳೋದಾ?” ಎಂದು ನಿಧಾನವಾಗಿ ಕೇಳಿದರು. “ನಮ್ಮನೆಯವರಿಗೆ ನಲವತ್ತು ವರ್ಷದಲ್ಲಿ ಒಂದು ದಿನವೂ ಇಂಥ ಕನಸು ಬಿದ್ದಿರಲಿಲ್ಲ.” ಗೋಡೆಯ ಮೇಲಿನ ಮಾವನ ಫೋಟೋವನ್ನು, ಹೊಸದಾಗಿ ಸಿಕ್ಕ ದಾಖಲೆಯೊಂದನ್ನು ಪರಿಶೀಲಿಸುವವರಂತೆ, ಬಹಳ ಹೊತ್ತು ನೋಡಿದರು. “ಫಸ್ಟ್ ಕ್ಲಾಸು ಅಂತ ಹೇಳಿಯಲ್ಲವೇನೋ ಮದುವೆಯಾದದ್ದು!”

ಫ್ರಾಯ್ಡ್‌ನ ಮಾತು ಎಲ್ಲರಿಗೂ ಅನ್ವಯಿಸಲಾರದೆಂದು ನಾನು ಎಷ್ಟು ಬಗೆಯಲ್ಲಿ ಹೇಳಿದರೂ ಪ್ರಯೋಜನವಾಗಲಿಲ್ಲ. ತಿಂಡಿಯ ಹೊತ್ತಿಗೆ ಮಾವ ಮರಣೋತ್ತರವಾಗಿ ಫೇಲಾಗಿದ್ದರು.

ನಿಮಗೆ ಯಾವ ಕನಸು ಬೀಳುತ್ತದೆ ಎಂದು ಕೇಳಿದೆ. ಎಂಟನೆಯ ತರಗತಿಗೇ ಶಾಲೆ ಬಿಡಿಸಿದ್ದರಿಂದ ಆಕೆಗೆ ಪರೀಕ್ಷೆಯ ಕನಸೇ ಇಲ್ಲವಂತೆ. “ನನಗೆ ಪಂಕ್ತಿ ಬರುತ್ತೆ. ಎಲೆ ಹಾಕಿ ಆಗಿದೆ, ನಲವತ್ತು ಜನ ಕೂತಿದ್ದಾರೆ, ಅನ್ನ ಬೆಂದಿಲ್ಲ. ಅತ್ತೆಯವರು ಬಾಗಿಲಲ್ಲಿ ನಿಂತು ನೋಡ್ತಾ ಇರ್ತಾರೆ.” ಆ ಅತ್ತೆಯವರು ತೀರಿಕೊಂಡು ಇಪ್ಪತ್ತೇಳು ವರ್ಷಗಳಾಗಿವೆ. ಅದಕ್ಕೇನು ಫಲ ಎಂದು ಕೇಳಿದ್ದಕ್ಕೆ, “ಅದಕ್ಕೇನು ಫಲ? ಏಳೋದು, ಮುಖ ತೊಳೆಯೋದು,” ಎಂದು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಅಡುಗೆಮನೆಯಿಂದಲೇ ನನಗೆ ಪರಿಹಾರವೂ ಬಂತು: “ಇವತ್ತು ರಾತ್ರಿ ಸ್ವಲ್ಪ ಓದಿಕೊಂಡು ಮಲಗು.”

ಈಗ ರಾತ್ರಿ ಹನ್ನೊಂದು. ಮಗಳ ಹತ್ತನೆಯ ತರಗತಿಯ ಗಣಿತ ಪುಸ್ತಕವನ್ನು ಅವಳಿಗೆ ತಿಳಿಯದಂತೆ ತಂದು ತೆರೆದಿದ್ದೇನೆ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆಯು ಉಳಿದೆರಡು ಬಾಹುಗಳನ್ನು ಸಮಾನುಪಾತದಲ್ಲಿ ವಿಭಾಗಿಸುತ್ತದೆ ಎಂಬ ಥೇಲ್ಸ್ ಪ್ರಮೇಯದ ಹೇಳಿಕೆ ಬಾಯಿಪಾಠ ಬಂದಿದೆ. ಸಾಧನೆಯ ಎರಡನೆಯ ಸಾಲು ಇನ್ನೂ ಬರುತ್ತಿಲ್ಲ.