ಓಟಿಪಿ ಪುಣೆಗೆ ಹೋಗ್ಯಾದ್ರಿ

ಮೊಬೈಲ್ ಬಗ್ಗೆ ಬರೆಯುವವರೆಲ್ಲ ಮಕ್ಕಳು ಹಾಳಾದವು, ರೀಲ್ಸ್ ನೋಡಿ ನೋಡಿ ಕಣ್ಣು ಹೋದವು, ಕಟ್ಟೆ ಮೇಲಿನ ಮಾತು ನಿಂತವು ಅಂತ ಬರೀತಾರೆ. ಇರಬಹುದು. ನಮ್ಮ ಆಳಂದ ಕಡೆ ಕಟ್ಟೆ ಮೇಲೆ ಈಗಲೂ ಮಂದಿ ಕೂತಿರ್ತಾರೆ, ಮಾತೂ ನಡೀತದೆ, ನಡುನಡುವೆ ಫೋನೂ ನೋಡ್ತಾರೆ. ನನ್ನ ತಕರಾರು ಅದಲ್ಲ. ಒಬ್ಬ ಮನುಷ್ಯ ಅಂದರೆ ಒಂದು ಫೋನ್, ಒಂದು ನಂಬರ್, ಆ ನಂಬರ್ ಸದಾ ಅವನ ಕಿಸೆಯಲ್ಲೇ ಇರ್ತದೆ ಅಂತ ಯಾರೋ ಎಲ್ಲೋ ಕೂತು ತೀರ್ಮಾನ ಮಾಡಿದ್ದಾರಲ್ಲ, ಅದರ ಮೇಲೆ ನನ್ನ ಸಿಟ್ಟು.

ನಾನು ಝೆರಾಕ್ಸ್ ಮತ್ತು ಆನ್‌ಲೈನ್ ಅಂಗಡಿ ಇಟ್ಟವನು. ಸುತ್ತಲ ಹಳ್ಳಿಗಳಲ್ಲಿ ಯಾರ ಮಗ ಯಾವ ಊರಲ್ಲಿ ದುಡಿಯುತ್ತಾನೆ ಅನ್ನೋದು ನನಗೆ ಬಾಯಿಪಾಠ. ಯಾಕಂದ್ರೆ ಅರ್ಜಿ ತುಂಬೋದು ನನ್ನ ಅಂಗಡಿಯಲ್ಲಿ, ಓಟಿಪಿ ಹೋಗೋದು ಪುಣೆಯಲ್ಲಿ ಏಳುತ್ತಿರುವ ಯಾವುದೋ ಬಿಲ್ಡಿಂಗಿನ ನಾಲ್ಕನೇ ಸ್ಲ್ಯಾಬಿಗೆ. ಅವ್ವ ನನ್ನ ಫೋನಿನಿಂದಲೇ ಮಾತಾಡ್ತಾಳೆ: "ತಮ್ಮಾ, ನಂಬರ್ ಬಂದದೇನು ನೋಡಪಾ." ಅವನ ಕೈಗೆ ಸಿಮೆಂಟ್ ಹತ್ತಿರುತ್ತದೆ. ಕೈ ಒರೆಸಿಕೊಂಡು, ಮೆಸೇಜ್ ಹುಡುಕಿ, ಓದಿ ಹೇಳುವಷ್ಟರಲ್ಲಿ ಇಲ್ಲಿ ಟೈಮ್ ಮುಗಿದಿರುತ್ತದೆ. "ಮತ್ತೊಮ್ಮೆ ಕಳಸ್ರಿ ಅಣ್ಣಾ." ಮತ್ತೊಮ್ಮೆ ಕಳಿಸಿದರೆ ಗಡಬಡಿಯಲ್ಲಿ ಹಳೇ ಓಟಿಪಿನೇ ಓದ್ತಾನೆ. ಮೂರನೇ ಸಲಕ್ಕೆ ಆ ಕಡೆಯಿಂದ ಮೇಸ್ತ್ರಿ ಒದರೋದು ಕೇಳಿಸುತ್ತದೆ. "ಸಂಜೀಕ್ ಹೇಳ್ತೀನಿ ಯವ್ವಾ." ಆಕೆ ಬಂದಿದ್ದು ಹತ್ತು ಗಂಟೆ ಬಸ್ಸಿಗೆ. ಸಂಜೆತನಕ ಹ್ಯಾಂಗ ಕೂಡ್ತಾಳೆ? ಒಂದು ದಿನದ ಕೂಲಿ ಹೋಯಿತು.

ಎಲ್ಲೆಲ್ಲೂ, ಆದರೆ ಕಣ್ಣಿಗೆ ಬೀಳದ ಹಾಗೆ, ಕಂಪ್ಯೂಟರ್ ಇರುವ ಕಾಲ ಬರ್ತದೆ ಅಂತ ಮೊದಲು ಯೋಚನೆ ಮಾಡಿದವರಲ್ಲಿ ದೊಡ್ಡ ಹೆಸರು ಮಾರ್ಕ್ ವೈಸರ್ ಅವರದು. ಕ್ಯಾಲಿಫೋರ್ನಿಯಾದಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ ಅನ್ನುವ ಸಂಶೋಧನಾಲಯದಲ್ಲಿ ಇದ್ದವರು. (ಅಂದರೆ ನನ್ನ ಅಂಗಡಿಯ ಬೋರ್ಡಿಗೂ ಅವರಿಗೂ ದೂರದ ನಂಟಿದೆ ಅನ್ನಬಹುದು.) 1988ರ ಸುಮಾರಿಗೆ ಈ ವಿಚಾರ ಶುರು ಮಾಡಿ, 1991ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಲೇಖನ ಬರೆದರು. ಕಂಪ್ಯೂಟರ್ ಮೂರು ಅಳತೆಯಲ್ಲಿ ಬರಬೇಕು ಅಂದರು: ಅಂಗೈಯಷ್ಟು ಒಂದು, ಹಾಳೆಯಷ್ಟು ಒಂದು, ಗೋಡೆಯ ಹಲಗೆಯಷ್ಟು ಒಂದು. ಅದರಲ್ಲಿ ಹಾಳೆಯಷ್ಟು ಇರುವುದರ ಬಗ್ಗೆ ಅವರು ಹೇಳಿದ್ದು ನನಗೆ ಬಹಳ ಹಿಡಿಸಿತು. ಅದು ಯಾರ ಸ್ವತ್ತೂ ಆಗಿರಬಾರದು, ಮೇಜಿನ ಮೇಲೆ ಬಿದ್ದಿರುವ ರದ್ದಿ ಕಾಗದ ಹ್ಯಾಗೋ ಹಾಗೆ, ಯಾರ ಕೈಗೆ ಸಿಕ್ಕಿತೋ ಅವರು ಬಳಸಿ ಅಲ್ಲೇ ಬಿಟ್ಟು ಹೋಗಬೇಕು ಅನ್ನುವುದು ಅವರ ವಿಚಾರ. 1999ರಲ್ಲಿ ತೀರಿಕೊಂಡರು, ಸ್ಮಾರ್ಟ್‌ಫೋನ್ ಕಾಲ ನೋಡಲಿಲ್ಲ.

ಆ ಮನುಷ್ಯ ಇವತ್ತು ಇದ್ದು ವಡಗೇರಾ, ಅಫಜಲಪುರ, ಔರಾದ ಕಡೆಯ ಯಾವುದಾದರೂ ಮನೆಗೆ ಬಂದಿದ್ದರೆ ಖುಷಿಯಾಗುತ್ತಿದ್ದರೇನೋ. ಗೋಡೆಯ ಗೂಡಿನಲ್ಲಿ ಒಂದು ಫೋನ್. ಮುಂಜಾನೆ ಅದರಲ್ಲಿ ಅಪ್ಪ ಗಂಜಿನ (ಮಾರುಕಟ್ಟೆಯ) ತೊಗರಿ ರೇಟು ನೋಡ್ತಾನೆ, ಮಧ್ಯಾಹ್ನ ಆಯಿ ವಚನ ಕೇಳ್ತಾಳೆ, ಸಂಜೆ ಹುಡುಗಿ ಲೆಕ್ಕದ ವಿಡಿಯೊ ನೋಡ್ತಾಳೆ. ಪಕ್ಕದ ಮನೆ ಕಾಕು ಬಂದು "ನಮ್ಮ ಹುಡುಗಗ ಒಂದು ವಿಡಿಯೊ ಕಾಲ್ ಹಚ್ಚು ಬೇ" ಅಂದರೆ ಇಲ್ಲ ಅನ್ನುವವರಿಲ್ಲ. ಹಂಚಿಕೊಂಡು ಬಳಸೋದು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಸರ್ಕಾರದ್ದಿರಲಿ, ಬ್ಯಾಂಕಿನದಿರಲಿ, ಯಾವ ಆ್ಯಪ್ ಮಾಡಿದವರಿಗೂ ಈ ಗೂಡಿನ ಫೋನ್ ಮಾತ್ರ ಕಾಣಲೇ ಇಲ್ಲ.

ಎಲ್ಲಾ ಒಂದೇ ವರ್ಷ ಬಂತು ನೋಡಿ. 2016ರ ಏಪ್ರಿಲ್‌ನಲ್ಲಿ ಯುಪಿಐ, ಸೆಪ್ಟೆಂಬರ್‌ನಲ್ಲಿ ಜಿಯೊ, ನವೆಂಬರ್ 8ಕ್ಕೆ ನೋಟು ರದ್ದು. ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋಗಿದ್ದು 1995ರಲ್ಲಿ. ಅಲ್ಲಿಂದ ಇಪ್ಪತ್ತು ವರ್ಷ ನಿಧಾನಕ್ಕೆ ನಡೆದದ್ದು ಆಮೇಲೆ ಓಡೋದಕ್ಕೇ ಶುರು ಮಾಡಿತು. ಒಳ್ಳೇದು ಆಗಿಲ್ಲ ಅಂತ ಹೇಳಿದರೆ ನನ್ನ ನಾಲಿಗೆ ಬಿದ್ದು ಹೋದೀತು. ಮೊದಲೆಲ್ಲ ಹೈದರಾಬಾದಿನಲ್ಲಿ ದುಡಿದ ಪಗಾರ ಊರಿಗೆ ಮುಟ್ಟಬೇಕಾದರೆ ಊರಿನವರು ಯಾರಾದರೂ ಬರೋತನಕ ಕಾಯಬೇಕಿತ್ತು. ಈಗ ಸಂತೆ ದಿನ ಕಾಯಿಪಲ್ಲೆ ಮಾರುವ ಅಕ್ಕನ ಪಕ್ಕದ ಡಬ್ಬಿ ಕನ್ನಡದಲ್ಲೇ ಹಣ ಬಂತು ಅಂತ ಕೂಗ್ತದೆ. ಆದರೆ 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ದೇಶದಲ್ಲಿ 54 ಶೇಕಡಾ. 15ರಿಂದ 49 ವಯಸ್ಸಿನವರ ಲೆಕ್ಕ ಅದು. 65 ದಾಟಿದ ಆಯಿಗಳ ಲೆಕ್ಕ ತೆಗೆದರೆ ಏನು ಬರ್ತದೋ ನೀವೇ ಊಹಿಸಿ.

ಗೃಹಲಕ್ಷ್ಮಿ ನೋಡಿ. 2023ರ ಆಗಸ್ಟ್‌ನಿಂದ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ, ಆಕೆಯ ಖಾತೆಗೇ ನೇರ. ಯೋಜನೆ ಮಾಡಿದವರಿಗೆ ಒಂದು ನಮಸ್ಕಾರ. ಆದರೆ ಹಣ ಬಿದ್ದ ಮೆಸೇಜ್ ಎಲ್ಲಿಗೆ ಹೋಗ್ತದೆ? ಖಾತೆಗೆ ಕೊಟ್ಟ ನಂಬರಿಗೆ. ಆ ನಂಬರ್ ಗಂಡಂದು, ಇಲ್ಲ ಮಗಂದು. ಹಣ ಆಕೆಯದು, ಸುದ್ದಿ ಅವರದು. "ಈ ತಿಂಗಳದ್ದು ಬಂದದೇನು ನೋಡ್ರಿ ಅಣ್ಣಾ" ಅಂತ ಪಾಸ್‌ಬುಕ್ ಹಿಡಿದು ನನ್ನ ಹತ್ತಿರ ಬರ್ತಾರೆ. ಕೆಲವೊಮ್ಮೆ ಬಂದು ಹೋಗಿರ್ತದೆ. ಯಾರು ತೆಗೆದರು ಅಂತ ನಾನು ಕೇಳೋದಿಲ್ಲ, ಆಕೆಯೂ ಹೇಳೋದಿಲ್ಲ.

ಇನ್ನೊಂದು ಇದೆ, ಇದು ಪಟ್ಟಣದವರಿಗೆ ಅಷ್ಟು ಗೊತ್ತಿರಲಿಕ್ಕಿಲ್ಲ. ದುಡಿಯಲಿಕ್ಕೆ ಹೋದ ಹುಡುಗ ಅಲ್ಲಿ ಹೊಸ ಸಿಮ್ ತಗೋತಾನೆ. ಹಳೇದಕ್ಕೆ ರೀಚಾರ್ಜ್ ಯಾಕೆ ಅಂತ ಬಿಡ್ತಾನೆ. ಬಹಳ ದಿನ ಬಳಸದಿದ್ದರೆ ನಂಬರ್ ಬಂದ್ ಆಗ್ತದೆ, ಬಂದ್ ಆಗಿ 90 ದಿನ ಕಳೆದ ಮೇಲೆ ಕಂಪನಿಯವರು ಅದನ್ನ ಬೇರೆಯವರಿಗೆ ಕೊಡಬಹುದು. 2023ರಲ್ಲಿ ಈ ವಿಷಯ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಈಗ ಆ ನಂಬರಿಗೆ ಮನೆಯ ಐದು ಮಂದಿ ಆಧಾರ್, ಅಪ್ಪನ ಪಿಎಂ ಕಿಸಾನ್, ಅವ್ವನ ಬ್ಯಾಂಕ್, ಮುತ್ಯಾನ ಪಿಂಚಣಿ, ತಂಗಿಯ ಸ್ಕಾಲರ್‌ಶಿಪ್ ಎಲ್ಲಾ ಕಟ್ಟಿರ್ತದೆ. ಅದರ ಓಟಿಪಿ ಈಗ ಬಿಹಾರದಲ್ಲೋ ಕೇರಳದಲ್ಲೋ ಗುರುತೇ ಇಲ್ಲದ ಒಬ್ಬನಿಗೆ ಹೋಗ್ತದೆ. ನಂಬರ್ ಬದಲಾಯಿಸಬೇಕಂದರೆ ನಮ್ಮ ಕಡೆ ಬಹಳ ಮಾಡಿ ಆಧಾರ್ ಕೇಂದ್ರದ ಪಾಳಿಯೇ ಗತಿ. ಮುತ್ಯಾನ್ನ ಎತ್ತಿಕೊಂಡು ಹೋಗಬೇಕು, ಹೆಬ್ಬೆಟ್ಟು ಹೊಂದಬೇಕು.

ಹೆಬ್ಬೆಟ್ಟು ಅಂದೆನಲ್ಲ, ಅದೂ ಒಂದು ಕಥೆ. ಹತ್ತಿ ಬಿಡಿಸಿ, ತೊಗರಿ ಕೊಯ್ದು, ಫರ್ಸಿ ಕಲ್ಲು ಹೊತ್ತು ಬೆರಳಿನ ಗೆರೆ ಸವೆದುಹೋಗಿರ್ತವೆ. ರೇಶನ್ ಅಂಗಡಿಯಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ, ತಲೆಗೂದಲಿಗೆ ತಿಕ್ಕಿ, ಹತ್ತೂ ಬೆರಳು ಇಟ್ಟು ನೋಡಿದರೂ "ಥಂಬ್ ಬರವಲ್ದು, ನಾಳೆ ಬಾ ಆಯಿ." ನಿಯಮ ಹಾಗೆ ಹೇಳೋದಿಲ್ಲ ಅನ್ನೋದು ಮಜಾ. ಯಂತ್ರ ಒಪ್ಪದಿದ್ದರೂ ಸೌಲಭ್ಯ ನಿಲ್ಲಿಸಬಾರದು, ಅಂಥವರ ಹೆಸರು ಬೇರೆ ರಿಜಿಸ್ಟರಿನಲ್ಲಿ ಬರೆದುಕೊಂಡು ಕೊಡಬೇಕು ಅಂತ ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿದೆ. ಆ ರಿಜಿಸ್ಟರ್ ಕಣ್ಣಲ್ಲಿ ಕಂಡವರು ಇದ್ದರೆ ಕಾಮೆಂಟಿನಲ್ಲಿ ಹೇಳಿ, ನಾನು ಕಂಡಿಲ್ಲ.

ಉದ್ಯೋಗ ಖಾತ್ರಿಯ ಹಾಜರಿಗೆ 2021ರಲ್ಲಿ ಆ್ಯಪ್ ತಂದರು, 2023ರ ಜನವರಿಯಿಂದ ಕಡ್ಡಾಯ ಮಾಡಿದರು. ದಿನಕ್ಕೆ ಎರಡು ಸಲ ಕೂಲಿಯವರ ಫೋಟೊ. ಕೆರೆಯ ಹೂಳು ಎತ್ತುವ ಜಾಗದಲ್ಲಿ ನೆಟ್‌ವರ್ಕ್ ಇಲ್ಲ ಅಂದರೆ ಹಾಜರಿ ಹಾಕುವ ಕಾಯಕ ಬಂಧು ಫೋನ್ ಎತ್ತಿ ಹಿಡಿದು ದಿಬ್ಬ ಹತ್ತಬೇಕು. ಕಳ್ಳತನ ತಡೀಲಿಕ್ಕೆ ಅಂದರು. 2025ರ ಜುಲೈನಲ್ಲಿ ಕೇಂದ್ರ ಸಚಿವಾಲಯವೇ ಫೋಟೊದ ಫೋಟೊ ತೆಗೆದು ಹಾಜರಿ ಹಾಕುತ್ತಿದ್ದಾರೆ ಅಂತ ರಾಜ್ಯಗಳಿಗೆ ಬರೆಯಿತು. ಕಳ್ಳ ಹಾದಿ ಹುಡುಕಿಕೊಂಡ. ಬಿಸಿಲಲ್ಲಿ ಸಲಿಕೆ ಹಿಡಿದವಳ ಹಾಜರಿ ನೆಟ್‌ವರ್ಕ್ ಇಲ್ಲದ್ದಕ್ಕೆ ಹೋಯಿತು.

ಹಾಗಂತ ಕಂಪ್ಯೂಟರೇ ಬೇಡ ಅನ್ನುವ ಪೈಕಿ ನಾನಲ್ಲ. ಅನ್ನಲಿಕ್ಕೆ ನನ್ನ ಹೊಟ್ಟೆಪಾಡೇ ಬಿಡೋದಿಲ್ಲ. ಸರಿಯಾಗಿ ನಡೆದ ಉದಾಹರಣೆ ನಮ್ಮಲ್ಲೇ ಇವೆ. ಪ್ರತಿ ಗ್ರಾಮ ಪಂಚಾಯಿತಿಗೂ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರು ಮಳೆ ಅಳೆಯುವ ಯಂತ್ರ ನಿಲ್ಲಿಸಿದ್ದಾರೆ. ಬೇಲಿಯೊಳಗೆ ಒಂದು ಕಂಬ, ಮೇಲೆ ಸೋಲಾರ್ ಹಲಗೆ. ಎಷ್ಟು ಮಳೆಯಾಯಿತು ಅಂತ ತಾನೇ ಬೆಂಗಳೂರಿಗೆ ಕಳಿಸ್ತದೆ. ದ್ರಾಕ್ಷಿ, ದಾಳಿಂಬೆಯಂಥ ಬೆಳೆಗಳ ಹವಾಮಾನ ವಿಮೆಗೆ ಅದರ ಲೆಕ್ಕ ಬರ್ತದೆ. ರೈತ ಅದಕ್ಕೆ ಓಟಿಪಿ ಕೊಡೋದಿಲ್ಲ, ಹೆಬ್ಬೆಟ್ಟು ಒತ್ತೋದಿಲ್ಲ. ವೈಸರ್ ಹೇಳಿದ ಕಣ್ಣಿಗೆ ಬೀಳದ ಕಂಪ್ಯೂಟರ್ ಅಂದರೆ ಅದೇ. 2000ದ ಸುಮಾರಿಗೆ ಜಮೀನಿನ ದಾಖಲೆ ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆ ಬಂದಾಗಲೂ ಹಾಗೇ, ಯಂತ್ರ ತಾಲೂಕು ಕಚೇರಿಯಲ್ಲಿತ್ತು, ರೈತ 15 ರೂಪಾಯಿ ಕೊಟ್ಟು ಪಹಣಿ ಹಿಡಿದು ಹೊರಗೆ ಬರುತ್ತಿದ್ದ.

ಎಲ್ಲಕ್ಕಿಂತ ನನಗೆ ಹಿಡಿಸೋದು ಶಕ್ತಿ ಯೋಜನೆಯ ಬಸ್ಸು. 2023ರ ಜೂನ್ 11ಕ್ಕೆ ಶುರುವಾಯಿತು. ಹೆಣ್ಣುಮಗಳು ಕಾರ್ಡ್ ತೋರಿಸ್ತಾಳೆ, ಕಂಡಕ್ಟರ್ ತನ್ನ ಮಶಿನ್ ಒತ್ತಿ ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಡ್ತಾನೆ. ಮಶಿನ್ ಕೆಟ್ಟರೆ ಅದು ಅವನ ಚಿಂತೆ, ಅವನ ಡಿಪೋದ ಚಿಂತೆ. ಹುಮನಾಬಾದಿನ ಆಯಿ ಫೋನಿಲ್ಲದೆ, ಮಗನ್ನ ಕೇಳದೆ, ಗಾಣಗಾಪುರಕ್ಕೆ ಹೋಗಿ ಬರ್ತಾಳೆ. ಕೊಡುವವನ ಕೈಯಲ್ಲಿ ಯಂತ್ರ ಇರಬೇಕು, ಪಡೆಯುವವಳ ಕೈಯಲ್ಲಲ್ಲ. ಇಷ್ಟೇ ನಾನು ಹೇಳ್ತಿರೋದು. ಸ್ಮಾರ್ಟ್ ಕಾರ್ಡ್ ಮಾಡ್ತೀವಿ ಅನ್ನೋ ಮಾತು ಆವಾಗಿಂದ ಇದೆ. ಮಾಡಲಿ, ಆದರೆ ಅದಕ್ಕೂ ಮೊಬೈಲ್ ಓಟಿಪಿ ಇಟ್ಟರೆ ಮತ್ತೆ ನನ್ನ ಅಂಗಡಿ ಮುಂದೆ ಪಾಳಿ ಹಚ್ತಾರೆ. ನನಗೆ ಗಿರಾಕಿ, ಅವರಿಗೆ ತ್ರಾಸು.

ಈ ಆ್ಯಪ್ ಬರೆಯುವವರಲ್ಲಿ ನಮ್ಮ ಹುಡುಗರೂ ಇದ್ದಾರೆ. ಕಲಬುರಗಿ, ಬೀದರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಬೆಂಗಳೂರು, ಹೈದರಾಬಾದಿಗೆ ಹೋದವರು ಇದನ್ನ ಓದ್ತಾ ಇರಬಹುದು. ತಮ್ಮಗೋಳಾ, ತಂಗಿಗೋಳಾ, ನಿಮ್ಮ ಊರ ಮನೆಯ ಗೂಡಿನಲ್ಲೂ ಒಂದು ಫೋನ್ ಇತ್ತಲ್ಲ? ಫಾರ್ಮಿನಲ್ಲಿ ಮೊಬೈಲ್ ನಂಬರ್ ಅಂತ ಬರೆದು ಪಕ್ಕಕ್ಕೆ ಕೆಂಪು ಚುಕ್ಕಿ ಇಡ್ತೀರಿ, ತುಂಬದಿದ್ದರೆ ಮುಂದೆ ಹೋಗೋದೇ ಇಲ್ಲ. ಅದರ ಕೆಳಗೆ ಇನ್ನೊಂದು ಪ್ರಶ್ನೆ ಸೇರಿಸಿ: ಈ ನಂಬರ್ ಯಾರದು? ನನ್ನದು, ಗಂಡನದು, ಊರಲ್ಲಿಲ್ಲದ ಮಗನದು, ಪಕ್ಕದ ಮನೆಯವರದು, ಆನ್‌ಲೈನ್ ಅಂಗಡಿಯವನದು. ಒಂದು ವರ್ಷ ಸುಮ್ಮನೆ ಉತ್ತರ ಕೂಡಿಸಿ. ಆಮೇಲೆ ಆ ಪಟ್ಟಿಯನ್ನ ನಿಮ್ಮ ಸಾಹೇಬರ ಮುಂದೆ ಇಟ್ಟು, ಓಟಿಪಿ ಯಾರಿಗೆ ಕಳಸ್ಲಿಕತ್ತೀವ್ರಿ ಅಂತ ಕೇಳಿ.