ಕಸದ ಜೊತೆ ಚೆಂಡೂ ಹೋಯಿತು

ಬೆಳಗ್ಗೆ ಐದೂವರೆಗೆ ಎದ್ದವನು ಮುಖಕ್ಕೆ ನೀರೂ ಹಾಕಿಕೊಳ್ಳದೆ ಹೋಗಿ ಕಂಪ್ಯೂಟರಿನ ಮುಂದೆ ಕೂತೆ. ರಾತ್ರಿಯಿಡೀ, ಲೆಕ್ಕ ಹಾಕಿ 11 ಗಂಟೆ, ಅದು ಬುಸುಗುಟ್ಟುತ್ತಾ ಹಳೆಯ ಲೇಸರ್‌ಡಿಸ್ಕೊಂದರ ಅರ್ಧ ಗಂಟೆಯ ವಿಡಿಯೋ ತೊಳೆದಿತ್ತು. ಫೈಲ್ ತೆರೆದೆ. ಆಹಾ! ಹಿಂದಿನ ಗೋಡೆ ನಿನ್ನೆಯಷ್ಟೇ ಸುಣ್ಣ ಬಳಿದ ಹಾಗಿದೆ. ಬಿಳಿ ಚುಕ್ಕಿಗಳಿಲ್ಲ, ಮಿಂಚುವ ಗೆರೆಗಳಿಲ್ಲ. ಟೇಬಲ್ ಟೆನಿಸ್ ಕಲಿಸುವ ಡಿಸ್ಕ್ ಅದು. ಟೇಬಲ್ಲು ಇದೆ, ನೆಟ್ ಇದೆ, ಚಡ್ಡಿ ತೊಟ್ಟ ಇಬ್ಬರು ಆಟಗಾರರೂ ಇದ್ದಾರೆ.

ಚೆಂಡು ಇಲ್ಲ.

ಮೊದಲು ನನ್ನ ಕಣ್ಣಿಗೇ ನಿದ್ದೆ ಬಿಟ್ಟಿಲ್ಲವೇನೋ ಅಂದುಕೊಂಡೆ. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದೆ. ಎಡಗಡೆಯವನು ಖಾಲಿ ಅಂಗೈಯನ್ನು ಮೇಲಕ್ಕೆ ಚಿಮ್ಮಿಸಿ, ಭಕ್ತಿಯಿಂದ ಆಕಾಶ ನೋಡಿ, ಗಾಳಿಗೆ ಒಂದು ಏಟು ಕೊಟ್ಟ. ಬಲಗಡೆಯವನು ಅಷ್ಟೇ ಶ್ರದ್ಧೆಯಿಂದ ಬಗ್ಗಿ ಆ ಗಾಳಿಯನ್ನು ವಾಪಸು ಕಳಿಸಿದ. ಇವನು ಹಾರಿದ, ಅವನು ಹಿಂದೆ ಸರಿದ. ಶಬ್ದ ಮಾತ್ರ ಕರಾರುವಾಕ್ಕು: ಟಕ್, ಟಿಕ್, ಟಕ್, ಟಿಕ್. ಈ ಡಿಸ್ಕಿನಲ್ಲಿ ಡಿಜಿಟಲ್ ಆಡಿಯೋ ಬೇರೆಯೇ ಇತ್ತು, ಸಿಡಿಯ ಗುಣಮಟ್ಟದ್ದು. ಚಿತ್ರದ ಕಸ ತೆಗೆಯುವ ನನ್ನ ಫಿಲ್ಟರಿಗೆ ಕಿವಿಯಿಲ್ಲದ್ದರಿಂದ ಅದೊಂದು ಬಚಾವಾಗಿತ್ತು. ಒಂದು ಸಲ ಬಲಗಡೆಯವನು ತಪ್ಪಿಸಿಕೊಂಡು, ಬೇಸರದಿಂದ ತಲೆಯಾಡಿಸಿ, ಮೂಲೆಗೆ ಹೋಗಿ ಬಗ್ಗಿದ. ಎದ್ದಾಗ ಕೈಯಲ್ಲಿ ಚೆಂಡಿತ್ತು! ಕೈಯಲ್ಲಿ ಹಿಡಿದಿರುವಷ್ಟು ಹೊತ್ತು ಇದೆ, ಕೈ ಬಿಟ್ಟ ಕೂಡಲೆ ಮಾಯ. ಯಾವ ಜಾದೂಗಾರನಿಗೂ ಇಷ್ಟು ನಯವಾಗಿ ಆಗುವುದಿಲ್ಲ. ಅಷ್ಟರಲ್ಲಿ ಚೌಕಳಿ ಕೋಟಿನ ಕೋಚ್ ತೆರೆಗೆ ಬಂದು, ಎರಡು ಬೆರಳನ್ನು ತನ್ನ ಕಣ್ಣಿನ ಕಡೆ ತೋರಿಸುತ್ತಾ, ಏನೇ ಆಗಲಿ ಚೆಂಡಿನ ಮೇಲಿಂದ ಕಣ್ಣು ತೆಗೆಯಬೇಡಿ ಎಂದು ಉಪದೇಶಿಸಿದ.

ಎಲ್ಲಿಡಲಿ ಸ್ವಾಮಿ ಕಣ್ಣು?

ಈ ಡಿಸ್ಕುಗಳು ನನಗೆ ಬಂದದ್ದು ನನ್ನ ಸೋದರಮಾವನಿಂದ. ಹುಚ್ಚು ಟೇಬಲ್ ಟೆನಿಸ್ ಆಟಗಾರರು. ಯಾವ ವಸ್ತುವಿನ ಮೇಲಾದರೂ ಪೆನ್ಸಿಲಿನಲ್ಲಿ ಒಂದು ಸಾಲು ಬರೆಯದೆ ಬಿಟ್ಟವರಲ್ಲ. ರೇಡಿಯೋದ ಬೆನ್ನ ಮೇಲೆ "ಎಡಗಡೆ ಬಡಿದರೆ ಸರಿಯಾಗುತ್ತೆ" ಎಂದು ಬರೆದಿಟ್ಟಿದ್ದ ಮನುಷ್ಯ. ಅವರು ಹೋದ ಮೇಲೆ ಡಬ್ಬಿ ನನ್ನ ಪಾಲಿಗೆ ಬಂತು. ಯಾರಿಗೂ ಬೇಡದ್ದು ಯಾವಾಗಲೂ ನನ್ನ ಪಾಲಿಗೇ ಬರುವುದು.

ಲೇಸರ್‌ಡಿಸ್ಕ್ ನೋಡಿರದವರಿಗೆ ಹೇಳುವುದಾದರೆ, ಸಿಡಿಗೆ ಮೊದಲೇ ಹುಟ್ಟಿದ ಅದರ ಮೊರದಗಲದ ಅಣ್ಣ. 1978ರಲ್ಲಿ ಮಾರುಕಟ್ಟೆಗೆ ಬಂತು. 30 ಸೆಂಟಿಮೀಟರ್ ಅಗಲ, ಹಿಡಿದರೆ ಕೈ ಸೋಲುವಷ್ಟು ಭಾರ, ಫಳಫಳ ಹೊಳೆಯುತ್ತದೆ. ಹೊಳಪು ನೋಡಿ ಡಿಜಿಟಲ್ ಅಂದುಕೊಂಡರೆ ಮೋಸ ಹೋದಿರಿ. ಅದರೊಳಗಿನ ಚಿತ್ರ ಅಪ್ಪಟ ಅನಲಾಗ್. ಬೆಳಕು, ಬಣ್ಣ ಎಲ್ಲವನ್ನೂ ಒಂದೇ ಸಿಗ್ನಲ್ಲಿಗೆ ತುರುಕಿಟ್ಟಿರುತ್ತಾರೆ. ಬೇರ್ಪಡಿಸುವಾಗ ಒಂದರದ್ದು ಇನ್ನೊಂದಕ್ಕೆ ಅಂಟಿಕೊಂಡೇ ಬರುತ್ತದೆ. ಅದಕ್ಕೇ ಕೋಚಿನ ಚೌಕಳಿ ಕೋಟಿನ ಮೇಲೆ ಸದಾ ಒಂದು ಕಾಮನಬಿಲ್ಲು ಹರಿದಾಡುತ್ತಿತ್ತು. ಅದನ್ನು ಅಳಿಸಲು ನನಗೆ ಒಂದು ಭಾನುವಾರ ಹಿಡಿಯಿತು. ಕಾಮನಬಿಲ್ಲು ಹೋದ ಮೇಲೆ ಕೋಟಿನ ಬಣ್ಣ ಸಗಣಿ ಬಣ್ಣ ಎಂದು ಗೊತ್ತಾಯಿತು.

ಇದಕ್ಕೆ ಮೊದಲು ಇನ್ನೊಂದು ಭಾನುವಾರ ಫೀಲ್ಡುಗಳ ಪಾಲಾಗಿತ್ತು. ಆ ಕಾಲದ ವಿಡಿಯೋ ಇಡೀ ಚಿತ್ರವನ್ನು ಒಟ್ಟಿಗೆ ಕೊಡುವುದಿಲ್ಲ, ನನ್ನ ಡಿಸ್ಕಿನದು ಸೆಕೆಂಡಿಗೆ ಸುಮಾರು 60 ಅರ್ಧರ್ಧ ಚಿತ್ರ ಕೊಡುತ್ತದೆ. ಈ ಅರ್ಧ ಚಿತ್ರವೇ ಫೀಲ್ಡು. ಒಮ್ಮೆ ಬೆಸ ಗೆರೆಗಳು, ಒಮ್ಮೆ ಸರಿ ಗೆರೆಗಳು. ಯಾವುದು ಮೊದಲು ಎಂದು ಸಾಫ್ಟ್‌ವೇರಿಗೆ ನಾವೇ ಹೇಳಬೇಕು. ನಾನು ಉಲ್ಟಾ ಹೇಳಿದ್ದೆ. ಆಟಗಾರರು ಎರಡು ಹೆಜ್ಜೆ ಮುಂದಿಟ್ಟು ಒಂದು ಹೆಜ್ಜೆ ಹಿಂದಿಡುತ್ತಾ, ದೆವ್ವ ಮೆಟ್ಟಿದವರ ಹಾಗೆ ನಡುಗುತ್ತಾ ಆಡಿದರು. ಆಗಿನ್ನೂ ಚೆಂಡು ಇತ್ತು ಅನ್ನುವುದನ್ನು ದಾಖಲಿಸಬಯಸುತ್ತೇನೆ.

ಪ್ರತಿ ಹಂತದಲ್ಲೂ ನನ್ನದೊಂದು ಚಟ. ತೆರೆಯನ್ನು ನಡುವೆ ಸೀಳಿ, ಎಡಕ್ಕೆ ತೊಳೆಯುವ ಮೊದಲಿನದು, ಬಲಕ್ಕೆ ತೊಳೆದದ್ದು ಇಟ್ಟು ಹೆಂಡತಿಯನ್ನು ಕರೆಯುತ್ತೇನೆ. ಕಣ್ಣಿನ ಡಾಕ್ಟರ ಹಾಗೆ, "ಇದು ಚೆನ್ನಾಗಿದೆಯೋ, ಇದೋ?" ಎಂದು ಕೇಳುತ್ತೇನೆ. ಈವರೆಗೆ ಹದಿನೇಳು ಸಲ ಕೇಳಿದ್ದೇನೆ. ಹದಿನೇಳು ಸಲವೂ ಅವಳು ತೊಳೆಯುವ ಮೊದಲಿನದನ್ನೇ ತೋರಿಸಿದ್ದಾಳೆ. ಒಂದು ಸಲ ಗುಟ್ಟಾಗಿ ಎಡಬಲ ಅದಲುಬದಲು ಮಾಡಿಟ್ಟೆ. ಆಗ ಬಲಗಡೆಯದನ್ನು ತೋರಿಸಿದಳು.

"ಅದರಲ್ಲಿ ಮನುಷ್ಯರ ಮುಖ ಇದೆ ಕಣ್ರೀ. ನಿಮ್ಮದರಲ್ಲಿ ಮೇಣದ ಗೊಂಬೆಗಳಿವೆ."

"ಅದು ಮುಖ ಅಲ್ಲ ಮಾರಾಯ್ತಿ, ನಾಯ್ಸ್, ಚಿತ್ರದ ಕಸ."

"ಆ ನಾಯ್ಸೇ ಚೆನ್ನಾಗಿದೆ ಬಿಡಿ."

ಇವಳ ಮಾತಿನಲ್ಲಿ ಸತ್ಯವಿದೆ ಎಂಬುದೇ ನನ್ನ ಸಿಟ್ಟಿಗೆ ಕಾರಣ. ಜೋರಾಗಿ ತೊಳೆದರೆ ಚರ್ಮದ ಸುಕ್ಕೂ ಬಟ್ಟೆಯ ನೇಯ್ಗೆಯೂ ಹೋಗಿ ಎಲ್ಲರೂ ಈಗತಾನೆ ಎರಕ ಹೊಯ್ದು ತೆಗೆದವರಂತೆ ಕಾಣುತ್ತಾರೆ. ಬೆಳಗ್ಗೆ ಚೆಂಡಿಲ್ಲದ ಆಟವನ್ನು ತೋರಿಸಿದಾಗ ಅವಳು ಒಂದು ನಿಮಿಷ ಸುಮ್ಮನೆ ನೋಡಿ, "ಇವರಿಗೆ ಏನಾಗಿದೆ?" ಎಂದಳು.

ಏನಾಗಿತ್ತೆಂದರೆ, ಕಸ ತೆಗೆಯುವ ಫಿಲ್ಟರಿನ ತರ್ಕ ಬಹಳ ಸರಳ. ಹಿಂದಿನ ಚಿತ್ರ ನೋಡು, ಮುಂದಿನ ಚಿತ್ರ ನೋಡು. ಎರಡರಲ್ಲೂ ಇಲ್ಲದ ಬಿಳಿ ಚುಕ್ಕಿ ನಡುವಿನದರಲ್ಲಿ ಮಾತ್ರ ಇದ್ದರೆ ಅದು ಕಸ, ಒರೆಸಿಬಿಡು. ಈಗ ಹೇಳಿ, ಟೇಬಲ್ ಟೆನಿಸ್ ಚೆಂಡು ಅಂದರೆ ಏನು? ಒಂದು ಬಿಳಿ ಚುಕ್ಕಿ. ಈ ಚಿತ್ರದಲ್ಲಿ ಇಲ್ಲಿ, ಮುಂದಿನದರಲ್ಲಿ ಇನ್ನೆಲ್ಲೋ. ಆಗಿನ ಚೆಂಡು ಬರೀ 38 ಮಿಲಿಮೀಟರ್, 40ಕ್ಕೆ ಏರಿಸಿದ್ದು 2000ದಲ್ಲಿ. ಆ ಎರಡು ಮಿಲಿಮೀಟರಿನಿಂದ ನನ್ನದೇನೂ ಉದ್ಧಾರವಾಗುತ್ತಿರಲಿಲ್ಲ, ಆದರೂ ಹೊಟ್ಟೆ ಉರಿಯಿತು.

ಇನ್ನೂ ಹೊಟ್ಟೆ ಉರಿಸುವ ಸಂಗತಿ ಬೇರೆ ಇದೆ. ಈ ಬಗೆಯ ಡಿಸ್ಕು ನಿಮಿಷಕ್ಕೆ 1800 ಸುತ್ತು ತಿರುಗುತ್ತದೆ, ಒಂದು ಸುತ್ತಿಗೆ ಸರಿಯಾಗಿ ಒಂದು ಚಿತ್ರ. ಅರ್ಧ ಗಂಟೆಯ ಮಗ್ಗುಲಿಗೆ 54,000 ಚಿತ್ರ. ಎಲ್ಲ ಚಿತ್ರಗಳೂ ಒಂದೇ ಗೆರೆಗೆ ತಲೆಯಿಟ್ಟು ಮಲಗಿರುವುದರಿಂದ, ನಡುವಿನಿಂದ ಅಂಚಿನ ಕಡೆಗೆ ಒಂದೇ ಒಂದು ಮಿಲಿಮೀಟರ್ ಗೀರು ಬಿದ್ದರೂ ಅದು ಸುಮಾರು 600 ಚಿತ್ರಗಳಲ್ಲಿ ಅದೇ ಜಾಗದಲ್ಲಿ ಕಾಣುತ್ತದೆ. ಪೂರಾ 20 ಸೆಕೆಂಡು. ಹಿಂದಿನ ಚಿತ್ರದಲ್ಲೂ ಇದೆ, ಮುಂದಿನದರಲ್ಲೂ ಇದೆ, ಆದ್ದರಿಂದ ಫಿಲ್ಟರಿನ ಪ್ರಕಾರ ಅದು ಗೌರವಾನ್ವಿತ ಪ್ರಜೆ. ಕೂತಲ್ಲೇ ಕೂತಿರುವ ಕಸಕ್ಕೆ ರಕ್ಷಣೆ, ಓಡಾಡಿ ದುಡಿಯುವ ಚೆಂಡಿಗೆ ಗಡೀಪಾರು. ಇಂಥ ನ್ಯಾಯವನ್ನು ನಾನು ಆಫೀಸಿನಲ್ಲಿ ಮಾತ್ರ ನೋಡಿದ್ದೆ.

ನಿಜವಾದ ಪಂಡಿತರು ಹೀಗೆ ಒದ್ದಾಡುವುದಿಲ್ಲ. ಅವರು ಪ್ಲೇಯರಿನ ಹೊಟ್ಟೆ ಬಗೆದು, ಲೇಸರ್ ಓದಿದ ಕಚ್ಚಾ ಸಿಗ್ನಲ್ಲನ್ನೇ ಸೆಕೆಂಡಿಗೆ 4 ಕೋಟಿ ಸಲ ಅಳೆದು ಹಿಡಿದಿಟ್ಟುಕೊಳ್ಳುತ್ತಾರೆ. ಅದಕ್ಕೆಂದೇ ಇರುವ ಬೋರ್ಡಿನ ಹೆಸರು ಡೂಮ್ಸ್‌ಡೇ ಡೂಪ್ಲಿಕೇಟರ್. ಹೆಸರಿನ ಹಿಂದೆ ಒಂದು ಕಥೆಯಿದೆ. 1086ರಲ್ಲಿ ಇಂಗ್ಲೆಂಡಿನ ರಾಜ ಬರೆಸಿದ ಡೂಮ್ಸ್‌ಡೇ ಬುಕ್ ಎಂಬ ಲೆಕ್ಕದ ಪುಸ್ತಕಕ್ಕೆ 900 ವರ್ಷ ತುಂಬಿತೆಂದು 1986ರಲ್ಲಿ ಬಿಬಿಸಿ ಅದೇ ಥರದ್ದನ್ನು ಲೇಸರ್‌ಡಿಸ್ಕಿನಲ್ಲಿ ಮಾಡಿತು. ಚರ್ಮದ ಹಾಳೆಯ ಪುಸ್ತಕವನ್ನು ಇವತ್ತಿಗೂ ಬಿಡಿಸಿ ಓದಬಹುದು. ಡಿಸ್ಕ್ ಓದುವ ಯಂತ್ರಗಳು ಇಪ್ಪತ್ತು ವರ್ಷ ತುಂಬುವ ಮೊದಲೇ ಅಪರೂಪವಾಗಿದ್ದವು. ಪಂಡಿತರ ಇನ್ನೊಂದು ಉಪಾಯವೆಂದರೆ ಒಂದೇ ಡಿಸ್ಕಿನ ಮೂರ್ನಾಲ್ಕು ಪ್ರತಿ ತಂದು ಅವುಗಳ ನಡುವೆ ಬಹುಮತ ಕೇಳುವುದು. ಒಂದರ ಗೀರು ಇನ್ನೊಂದರಲ್ಲಿ ಇರುವುದಿಲ್ಲವಲ್ಲ. ನನ್ನ ಬಳಿ ಇರುವುದು ಒಂದೇ ಒಂದು ಪ್ರತಿ. ಏಕಸದಸ್ಯ ಪಂಚಾಯಿತಿ.

ಆ ಒಂದೇ ಪ್ರತಿಯನ್ನು ಮತ್ತೆ ಒರೆಸೋಣವೆಂದು ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಒಂದು ಹೆಬ್ಬೆರಳಿನ ಗುರುತು, ಗೆರೆ ಗೆರೆಯೂ ಸ್ಪಷ್ಟ. ನನ್ನದಲ್ಲ, ನಾನು ಕೈಗವಸು ಹಾಕಿಕೊಂಡೇ ಮುಟ್ಟುವುದು. ಲೇಸರ್ ನೋಡುವುದು ಪ್ಲಾಸ್ಟಿಕ್ಕಿನ ಒಂದು ಮಿಲಿಮೀಟರಿಗೂ ಆಳದಲ್ಲಿರುವ ಲೋಹದ ಪದರವನ್ನು. ಮೇಲಿನ ತೆಳು ಜಿಡ್ಡು ಅದರ ಕಣ್ಣಿಗೆ ಮಸುಕು ಅಷ್ಟೆ, ಚಿತ್ರಕ್ಕೆ ಅಂಥ ತೊಂದರೆಯಿಲ್ಲ. ಉಳಿದದ್ದನ್ನೆಲ್ಲ ಒರೆಸಿ ಅದೊಂದನ್ನು ಹಾಗೇ ಬಿಟ್ಟೆ. ಹೆಂಡತಿ ನೋಡಿದಳು, ಏನೂ ಅನ್ನಲಿಲ್ಲ.

ಫಿಲ್ಟರನ್ನು ಅರ್ಧಕ್ಕೆ ಇಳಿಸಿದೆ. ಚೆಂಡು ಅರ್ಧ ಬಂತು. ನೆಟ್ಟಿನವರೆಗೆ ಇರುತ್ತದೆ, ನೆಟ್ ದಾಟಿದ ಮೇಲೆ ಸನ್ಯಾಸ. ಕೆಲವೊಮ್ಮೆ ಅರ್ಧಚಂದ್ರ, ಕೆಲವೊಮ್ಮೆ ಬಾಲವಿರುವ ಧೂಮಕೇತು. ಕೊನೆಗೆ ಕೈಯಲ್ಲೇ ಮಾಡುವುದೆಂದು ನಿರ್ಧರಿಸಿದೆ. ಒಂದೊಂದೇ ಚಿತ್ರ ತೆರೆದು ಚೆಂಡಿನ ಸುತ್ತ ವೃತ್ತ ಎಳೆದು, "ಇದನ್ನು ಮುಟ್ಟಬೇಡ" ಎಂದು ಸಾಫ್ಟ್‌ವೇರಿಗೆ ತಾಕೀತು ಮಾಡುವುದು. ಒಂದು 40 ಸೆಕೆಂಡಿನ ಆಟಕ್ಕೆ 1200 ವೃತ್ತ. ಮುನ್ನೂರರ ಹೊತ್ತಿಗೆ ನನಗೆ ಗೋಡೆಯ ಮೊಳೆ, ಕೋಚಿನ ಗುಂಡಿ, ಆಟಗಾರನ ಹಲ್ಲು ಎಲ್ಲವೂ ಚೆಂಡಿನಂತೆ ಕಾಣತೊಡಗಿದವು. ಆದರೂ ಬಿಡಲಿಲ್ಲ. ಸಂಜೆಗೆ ಮುಗಿಸಿ ಅವಳನ್ನು ಕರೆದೆ. ಈ ಸಲ ಎಡಬಲ ಇಲ್ಲ, ಪೂರ್ತಿ ತೆರೆ.

ಅವಳು ಕೈ ಕಟ್ಟಿ ನಿಂತು ನೋಡಿದಳು. ಟಕ್, ಟಿಕ್, ಟಕ್, ಟಿಕ್. ಚೆಂಡು ಅತ್ತಿಂದಿತ್ತ ಚೊಕ್ಕವಾಗಿ ಹೋಗಿಬರುತ್ತಿತ್ತು. ನನ್ನ ಎದೆ ಉಬ್ಬಿತು.

"ಚೆನ್ನಾಗಿದೆ ರೀ," ಎಂದಳು. ಹದಿನೆಂಟನೇ ಸಲಕ್ಕೆ ಮೊದಲ ಬಾರಿ. "ಆದರೆ ಇನ್ನೊಂದು ಚೆಂಡು ಯಾಕೆ ಮೇಲೆ ನಿಂತೇ ಇದೆ?"

ನೋಡಿದೆ. ಎಡಗಡೆಯ ಆಟಗಾರನ ತಲೆಯ ಮೇಲೆ, ಒಂದು ಗೇಣು ಎತ್ತರದಲ್ಲಿ, ದುಂಡಗೆ ಬೆಳ್ಳಗೆ ಒಂದು ಚುಕ್ಕಿ. ಅಲುಗಾಡದೆ 20 ಸೆಕೆಂಡು ನಿಂತಿತ್ತು. ಅದರ ಸುತ್ತ ಆರುನೂರು ವೃತ್ತ ಎಳೆದು, ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದವನು ನಾನೇ.

ಡಿಸ್ಕನ್ನು ಕವರಿನೊಳಗೆ ಹಾಕುವಾಗ ಅದರ ಒಳ ಅಂಚಿನಲ್ಲಿ ಪೆನ್ಸಿಲಿನ ಸಾಲು ಕಾಣಿಸಿತು. ಮಾಸಿತ್ತು, ದೀಪದ ಹತ್ತಿರ ಹಿಡಿದು ಓದಿದೆ:

"2ನೇ ಮಗ್ಗುಲು, 14 ನಿಮಿಷ. ಮೇಲೆ ಕಾಣುವುದು ಗೀರು. ಚೆಂಡಲ್ಲ."