ಅಳಿಸಬೇಕಾದರೆ ಮೊದಲು ಬರೆಯಿರಿ

ನಮ್ಮ ಕಚೇರಿಯ ವೈಟ್‌ಬೋರ್ಡಿನ ಕೆಳಗೆ ಮಾರ್ಕರ್‌ಗಳಿಗೆ ಬರವಿಲ್ಲ. ಬರೆಯುವ ಮಾರ್ಕರ್‌ಗಷ್ಟೇ ಬರ. ನೀಲಿ ಎರಡಕ್ಷರ ಮೂಡಿಸಿ ಸುಸ್ತಾಗುತ್ತದೆ. ಕೆಂಪು ಬರೀ ಕಿರುಗುಟ್ಟುತ್ತದೆ. ಹಳದಿಯಲ್ಲಿ ಬರೆದದ್ದು ಯಾರ ಕಣ್ಣಿಗೂ ಕಾಣದು, ಹಾಗಾಗಿ ಅದೊಂದು ಸದಾ ಭರ್ತಿ. ಸತ್ತ ಮಾರ್ಕರನ್ನು ಕಸದ ಬುಟ್ಟಿಗೆ ಹಾಕುವವರೂ ಇಲ್ಲ. ಮುಚ್ಚಳ ಬಿಗಿಮಾಡಿ ಮರ್ಯಾದೆಯಿಂದ ಅಲ್ಲೇ ಇಡುತ್ತಾರೆ, ಮುಂದೆ ಬರುವವರಿಗೂ ಆ ಅನುಭವವಾಗಲಿ ಎಂದು. ಶಾಯಿಯೊಳಗಿನ ಆಲ್ಕೋಹಾಲ್ ಗಾಳಿ ತಾಗಿದರೆ ಆರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೂ ಎಳೆಯುವುದು ಒಂದೇ ಬಾಣದ ಗುರುತು, ಮಾತು ಅರ್ಧ ಗಂಟೆ. ಅಷ್ಟು ಹೊತ್ತೂ ಮುಚ್ಚಳ ಇನ್ನೊಂದು ಕೈಯಲ್ಲಿ.

ಇಂಥ ಬರಗಾಲದಲ್ಲಿ ನಮ್ಮ ಮ್ಯಾನೇಜರ್ ಕೈಗೆ ಕಡುಗಪ್ಪಾಗಿ ಬರೆಯುವ ಮಾರ್ಕರೊಂದು ಸಿಕ್ಕಿತು. ಆ ಖುಷಿಯಲ್ಲಿ ವರ್ಷದ ಯೋಜನೆಯನ್ನೆಲ್ಲ ಬೋರ್ಡಿನ ತುಂಬ ಬರೆದರು. ಅದು ಪರ್ಮನೆಂಟ್ ಮಾರ್ಕರ್. ಯೋಜನೆ ಎರಡೇ ವಾರದಲ್ಲಿ ಬಿದ್ದುಹೋಯಿತು, ಅಕ್ಷರಗಳು ಅಲ್ಲಾಡಲಿಲ್ಲ. ಡಸ್ಟರ್ ಸೋತಿತು, ನೀರು ಸೋತಿತು, ಉಗುರೂ ಸೋತಿತು.

ಮದ್ದು ಇದೆ, ಆದರೆ ಸ್ವಲ್ಪ ಕ್ರೂರವಾದದ್ದು. ಅಳಿಸಬಹುದಾದ ಮಾಮೂಲಿ ವೈಟ್‌ಬೋರ್ಡ್ ಮಾರ್ಕರಿನಿಂದ ಅದೇ ಗೆರೆಗಳ ಮೇಲೆ ತಿದ್ದಿ, ಒಣಗುವ ಮೊದಲೇ ಒರೆಸಬೇಕು. ಹೊಸ ಶಾಯಿಯ ಆಲ್ಕೋಹಾಲ್ ಹಳೆಯದನ್ನು ಕರಗಿಸುತ್ತದೆ. ಅದರಲ್ಲಿರುವ ಎಣ್ಣೆಯಂಥ ಪದಾರ್ಥ ಬಣ್ಣ ಮತ್ತೆ ಅಂಟದಂತೆ ತಡೆಯುತ್ತದೆ. ಅಂದರೆ, ಬಿದ್ದುಹೋದ ಯೋಜನೆಯನ್ನು ಅಳಿಸಬೇಕಾದರೆ ಅದನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಬರೆಯಬೇಕು! ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದರು. ನಾವು ಬಾಲವಾಡಿಯ ಮಕ್ಕಳಂತೆ ಅವರ ಅಕ್ಷರ ತಿದ್ದಿದೆವು. ಕಾಗುಣಿತದ ತಪ್ಪುಗಳನ್ನೂ ಬಿಡಲಿಲ್ಲ. ಬಿಟ್ಟರೆ ಅವಷ್ಟೇ ಉಳಿಯುತ್ತಿದ್ದವು. ಇಷ್ಟಕ್ಕೂ ತಿದ್ದಲು ಸಿಕ್ಕ ಜೀವಂತ ಮಾರ್ಕರ್ ಲೆಕ್ಕಪತ್ರ ವಿಭಾಗದವರು ಮನೆಯಿಂದ ತಂದದ್ದು. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ಅವರ ಅಭ್ಯಾಸ, ನಾವು ಆವರೆಗೆ ಅದನ್ನು ಜಿಪುಣತನ ಎನ್ನುತ್ತಿದ್ದೆವು.

ಆದರೂ ಅಕ್ಷರಗಳ ನೆರಳು ಪೂರ್ತಿ ಹೋಗಲಿಲ್ಲ. ಉಕ್ಕಿನ ಮೇಲೆ ಗಾಜಿನಂಥ ಎನಾಮೆಲ್ ಲೇಪ ಇರುವ ಬೋರ್ಡಾಗಿದ್ದರೆ ಹೋಗುತ್ತಿತ್ತೇನೋ. ನಮ್ಮದು ಅಗ್ಗದ ಮೆಲಮೈನ್, ಅಂದರೆ ಹಲಗೆಯ ಮೇಲೆ ಪ್ಲಾಸ್ಟಿಕ್ಕಿನಂಥ ತೆಳು ಪದರ. ಉಜ್ಜಿ ಉಜ್ಜಿ ಮೇಲಿನ ನುಣುಪು ಸವೆದಿದೆ, ಬಣ್ಣ ಒಳಗೇ ಇಳಿದು ಕೂತಿದೆ. ಹೊಸದಾಗಿ ಸೇರಿದ ಹುಡುಗ ಮೊನ್ನೆ ಸಭೆಯ ಟಿಪ್ಪಣಿ ಮಾಡಿಕೊಳ್ಳುವಾಗ ಮೇಲಿನ ಬರಹವನ್ನೂ ಅಡಿಯ ನೆರಳನ್ನೂ ಬೆರೆಸಿ ಬರೆದು ಮೇಲಧಿಕಾರಿಗಳಿಗೆ ಕಳುಹಿಸಿದ. ಮಂಜೂರಾಗಿ ಬಂತು.